ಎದುರಾಳಿ ಬೇರೆ, ಮೋಸಗಾರ ಬೇರೆ

ಆಟದಲ್ಲಿ ಎದುರು ಪಕ್ಷದವರ ಮೇಲೆ ಸಿಟ್ಟು ಬರುವದು ಸಹಜ. ಬರಕೂಡದೆಂದು ಉಪದೇಶ ಮಾಡುವವರು ಯಾವ ಕಣದ ಅಂಚಿಗೂ ನಿಂತವರಲ್ಲವೆಂದು ನಮ್ಮ ಭಾವನೆ. ತನ್ನ ಊರಿನವರು, ತನ್ನ ಪ್ರಾಂತದವರು ಸೋಲುತ್ತಿರುವಾಗ ಸಮಚಿತ್ತದಿಂದ ಚಪ್ಪಾಳೆ ತಟ್ಟುತ್ತ ಕೂಡ್ರುವವನು ಸ್ಥಿತಪ್ರಜ್ಞನಾಗಿರಬೇಕು. ಇಲ್ಲವೆ ಅವನಿಗೆ ಆ ಆಟದ ಗೊಡವೆಯೇ ಇಲ್ಲದಿರಬೇಕು. ಆದರೆ ಆ ಸಿಟ್ಟು ಒಂದು ಶಬ್ದವಾಗಿ ಬಾಯಿಂದ ಹೊರಟು, ಆ ಶಬ್ದವು ಒಬ್ಬ ಮನುಷ್ಯನ ನಡತೆಯ ಮೇಲಿನ ಆರೋಪವಾಗಿ ನಿಂತ ಬಳಿಕ, ಆರೋಪವು ನಿಜವೋ ಸುಳ್ಳೋ ಎಂದು ವಿಚಾರಿಸುವದು ಕನ್ನಡಿಗರಾದ ನಮ್ಮ ಕೆಲಸವಾಗುತ್ತದೆ. ಯಾಕಂದರೆ ಆ ಶಬ್ದವು ಹೊರಟಿದ್ದು ನಮ್ಮ ರಾಜಧಾನಿಯಲ್ಲಿ, ನಮ್ಮವರ ಬಾಯಿಂದ.

2019ನೆಯ ಇಸವಿಯ ಜನವರಿ ತಿಂಗಳ ಕೊನೆಯ ವಾರದಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಣಜಿ ಟ್ರೋಫಿಯ ಉಪಾಂತ್ಯ ಪಂದ್ಯ ನಡೆಯಿತು. ಒಂದು ಕಡೆಗೆ ಕರ್ನಾಟಕ, ಇನ್ನೊಂದು ಕಡೆಗೆ ಸೌರಾಷ್ಟ್ರ. ಸೋತವರು ಮನೆಗೆ, ಗೆದ್ದವರು ಅಂತಿಮ ಪಂದ್ಯಕ್ಕೆ. ನಾಲ್ಕನೆಯ ಸರದಿಯಲ್ಲಿ ಸೌರಾಷ್ಟ್ರದವರು ಗೆಲ್ಲಲು 279 ಓಟಗಳನ್ನು ಮಾಡಬೇಕಾಗಿದ್ದಿತು. 23 ಓಟಗಳಾಗುವಷ್ಟರಲ್ಲಿ ಮೂರು ವಿಕೆಟ್ಟುಗಳು ಬಿದ್ದುಹೋಗಿದ್ದವು. ಆಗ ಚೇತೇಶ್ವರ ಪೂಜಾರಾ ಮತ್ತು ಶೆಲ್ಡನ್ ಜ್ಯಾಕ್ಸನ್ ಇವರಿಬ್ಬರು ಕಾಲೂರಿ ನಿಂತರು. ಪೂಜಾರಾ ಇವರ ಲೆಕ್ಕದಲ್ಲಿ 34 ಓಟಗಳಿದ್ದಾಗ ವಿನಯಕುಮಾರರ ಚಂಡು ಅವರ ಬ್ಯಾಟಿನ ಅಂಚನ್ನು ಮುಟ್ಟಿ ವಿಕೆಟ್ ಕೀಪರನ ಕೈ ಸೇರಿತು. ಕರ್ನಾಟಕದವರೆಲ್ಲರೂ ಕೂಗಿ ಕೇಳಿದರು. ಅಂಪಾಯರರು ಅಲ್ಲವೆಂದು ತಲೆಯಲ್ಲಾಡಿಸಿದರು. ಪೂಜಾರಾ ಇವರು ನಿಂತಲ್ಲಿಂದ ಕದಲಲಿಲ್ಲ. ಮೊದಲನೆಯ ಸರದಿಯಲ್ಲಿಯೂ ಇಂತಹದೇ ಒಂದು ಪ್ರಸಂಗವಾಗಿ ಹೋಗಿದ್ದಿತು. ಆ ಹೊತ್ತಿನಿಂದ ಪ್ರೇಕ್ಷಕರ ಗ್ಯಾಲರಿಯಲ್ಲಿ 'ಚೀಟರ್, ಚೀಟರ್' ಎಂಬ ಘೋಷವು ಎದ್ದಿತು. ಪೂಜಾರಾ ಇವರು 131 ಓಟಗಳನ್ನು ಮಾಡಿ ಔಟಾಗದೆ ಉಳಿದರು. ಜ್ಯಾಕ್ಸನ್ನರು ನೂರು ಮಾಡಿದರು. ಸೌರಾಷ್ಟ್ರವು ಐದು ವಿಕೆಟ್ಟುಗಳಿಂದ ಗೆದ್ದಿತು. ಘೋಷವು ಕೊನೆಯ ವರೆಗೂ ಅವರನ್ನು ಬೆನ್ನಟ್ಟಿಕೊಂಡೇ ಹೋಯಿತು.

ಇಲ್ಲಿ ವಾಚಕರು ಪಂಚಾಂಗವನ್ನು ತುಸು ಹಿಂದಕ್ಕೆ ತಿರುವಬೇಕು. ಆ ದಿನಕ್ಕೆ ಸರಿಯಾಗಿ ಮೂರು ವಾರಗಳ ಹಿಂದೆ, ಜನವರಿ 7ರಂದು, ಸಿಡ್ನಿಯಲ್ಲಿ ಭಾರತವು ಆಸ್ಟ್ರೇಲಿಯಾದ ನೆಲದಲ್ಲಿ ತನ್ನ ಮೊಟ್ಟಮೊದಲನೆಯ ಟೆಸ್ಟ್ ಸರಣಿಯನ್ನು ಗೆದ್ದಿದ್ದಿತು. ಆ ಸರಣಿಯಲ್ಲಿ ಮೂರು ಶತಕಗಳೊಡನೆ 521 ಓಟಗಳನ್ನು ಮಾಡಿ ಸರಣಿಯ ಶ್ರೇಷ್ಠ ಆಟಗಾರನೆನಿಸಿದವರು ಇದೇ ಪೂಜಾರಾ. ಗಂಟೆಗಟ್ಟಲೆ ಮೈಮೇಲೆ ಚಂಡಿನ ಪೆಟ್ಟುಗಳನ್ನು ತಿನ್ನುತ್ತ ಅವರು ನಿಂತದ್ದನ್ನು ನೋಡಿ ಹಿಮಾಲಯದಿಂದ ಕನ್ಯಾಕುಮಾರಿಯ ವರೆಗೆ ಜನರು ಕೊಂಡಾಡಿದರು; ಬೆಂಗಳೂರಿನವರೇನು ಹಿಂದೆ ಬೀಳಲಿಲ್ಲ. ಜನವರಿ 7ಕ್ಕೆ ದೇಶದ ಗೋಡೆ, 28ಕ್ಕೆ ಮೋಸಗಾರ! ಮೂರು ವಾರಗಳಲ್ಲಿ ಆ ಮನುಷ್ಯನ ಶೀಲದಲ್ಲಿ ಏನು ಬದಲಾಯಿತು? ಏನೂ ಇಲ್ಲ. ಬದಲಾದದ್ದು ಅವರು ತೊಟ್ಟ ಟೊಪ್ಪಿಗೆ ಮಾತ್ರ. ಅವರು 2025ರ ಆಗಸ್ಟ ತಿಂಗಳಲ್ಲಿ ಆಟದಿಂದ ನಿವೃತ್ತರಾಗಿದ್ದಾರೆ. ಆದುದರಿಂದ ಈ ಪ್ರಸಂಗವನ್ನು ಈಗಲಾದರೂ ಬಿಸಿಯಿಲ್ಲದ ಮನಸ್ಸಿನಿಂದ ತೂಗಿ ನೋಡಲು ಅಡ್ಡಿಯಿಲ್ಲ.

ಮೊದಲು ಕಾಯಿದೆಯ ಮಾತು. ಕ್ರಿಕೆಟ್ಟಿನ ಕಾಯಿದೆಗಳ ಪ್ರಕಾರ ಎದುರು ಪಕ್ಷದವರು ಕೇಳತಕ್ಕದ್ದು, ಅಂಪಾಯರನು ಹೇಳತಕ್ಕದ್ದು. ತಾನು ಔಟಾದೆನೆಂದು ತಿಳಿದು ಬ್ಯಾಟುಗಾರನು ತಾನಾಗಿಯೇ ಹೊರಟುಹೋಗಲು ಅವಕಾಶವಿದೆ, ಹೋಗಲೇಬೇಕೆಂಬ ನಿರ್ಬಂಧವಿಲ್ಲ. ಅದು ಕೆಲವರು ಪಾಲಿಸುವ, ಬಹು ಜನರು ಪಾಲಿಸದಿರುವ ಒಂದು ವ್ರತ. ಏಕಾದಶಿಯ ಉಪವಾಸ ಮಾಡುವವನನ್ನು ನಾವು ಗೌರವಿಸುತ್ತೇವೆ; ಆದರೆ ಊಟ ಮಾಡಿದವನನ್ನು ಕಳ್ಳನೆಂದು ಕರೆಯುವದಿಲ್ಲ. ಹಾಗೆ ಕರೆಯುವದಾದರೆ ನಮ್ಮ ಮನೆಯ ಅಡಿಗೆಯ ಒಲೆಯನ್ನೂ ಮೊದಲು ನೋಡಿಕೊಳ್ಳಬೇಕಾದೀತು.

ನೋಡಿಕೊಳ್ಳೋಣ. ಮನೋಳಿಯು 1956ರ ನವೆಂಬರ 1ರ ವರೆಗೆ ಮುಂಬಯಿ ರಾಜ್ಯದಲ್ಲಿದ್ದ ಊರು. ಹುಕುಮು ಬರುವದು ಮುಂಬಯಿಯಿಂದ, ಅರ್ಜಿ ಹೋಗುವದು ಮುಂಬಯಿಗೆ; ಮಲಪ್ರಭೆಯ ದಂಡೆಯ ಕನ್ನಡಿಗನ ಮಾತನ್ನು ಅಲ್ಲಿ ಕೇಳುವವರು ಯಾರು ಎಂಬ ಹಳೆಯ ಕೊರಗು ಇಲ್ಲಿಯ ಹಿರಿಯರಲ್ಲಿ ಬಹು ಕಾಲ ಇದ್ದಿತು. ಅಂಥವರ ಮಕ್ಕಳಿಗೆ ಕ್ರಿಕೆಟ್ಟಿನಲ್ಲಿ ಸೋಲಿಸತಕ್ಕ ಎದುರಾಳಿ ಯಾರೆಂದು ಬೇರೆ ಹೇಳಿಕೊಡಬೇಕಾಗಿರಲಿಲ್ಲ. ಮುಂಬಯಿಯ ತಂಡವು 1958-59ರಿಂದ 1972-73ರ ವರೆಗೆ ಒಂದೇ ಸವನೆ 15 ವರ್ಷ ರಣಜಿ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅವರ ಆಟಕ್ಕೆ ಅವರೇ ಇಟ್ಟುಕೊಂಡ ಹೆಸರು 'ಖಡೂಸ್'. ಸುಲಭವಾಗಿ ಏನನ್ನೂ ಕೊಡಲೊಲ್ಲದ, ಗಂಟುಮೋರೆಯ ಹಟಮಾರಿತನವೆಂದು ಅದರ ತಾತ್ಪರ್ಯ. ನೋಡಲು ಚೆಂದವಲ್ಲ. ಆದರೆ ಅದರಲ್ಲಿ ಮೋಸವೇನಿದ್ದಿತು? ಅವರು ಗೆಲ್ಲುತ್ತಲೇ ಇದ್ದರೆಂಬದೇ ಉಳಿದ ಪ್ರಾಂತದವರ ಕಣ್ಣಿಗೆ ಅವರ ದೊಡ್ಡ ಅಪರಾಧವಾಗಿದ್ದಿತು.

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ 1ರಂದು. ಆ ಹೆಸರಿನಿಂದ ಆಡಿದ ಮೊದಲನೆಯ ಹಂಗಾಮಿನಲ್ಲಿಯೇ, 1974ರ ಮಾರ್ಚ ತಿಂಗಳಲ್ಲಿ, ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಪ್ರಸನ್ನರ ನಾಯಕತ್ವದ ಕರ್ನಾಟಕವು ಮುಂಬಯಿಯನ್ನು ತಡೆಯಿತು. ನಮ್ಮವರು ಮಾಡಿದ್ದು 385, ಅವರದು 307. ಜಿ. ಆರ್. ವಿಶ್ವನಾಥರು 162, ಬ್ರಿಜೇಶ ಪಟೇಲರು 106. ಗಾವಸ್ಕರರ ದಾಂಡುಗಳನ್ನು ಪ್ರಸನ್ನರು ಉರುಳಿಸಿದರು. ವಾಡೇಕರರು ಕಾಲು ಜಾರಿ ರನೌಟಾದರು. ಅಲ್ಲಿಂದ ಮುಂದೆ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕವು ಮೊದಲನೆಯ ಸಲ ಟ್ರೋಫಿಯನ್ನು ಮನೆಗೆ ತಂದಿತು. ಕನ್ನಡಿಗರ ಎದೆಯುಬ್ಬಿಸಿದ ಈ ಕಥೆಯನ್ನು ಎಷ್ಟು ಸಲ ಹೇಳಿದರೂ ನಮಗೆ ಬೇಸರವಿಲ್ಲ. ಆದರೆ ಇದೇ ಕಥೆಯನ್ನು ಮುಂಬಯಿಯವರ ಬಾಯಿಂದ ಕೇಳಿದರೆ ಅದರಲ್ಲಿ ಇನ್ನೊಂದು ವಾಕ್ಯ ಬರುತ್ತದೆ. ವಿಶ್ವನಾಥರು ಎದುರಿಸಿದ ಮೊದಲನೆಯ ಚಂಡಿಗೇ ಕಾಲು ಅಡ್ಡವಾಗಿ ಸ್ಪಷ್ಟವಾಗಿ ಔಟಾಗಿದ್ದರೆಂದೂ, ಅಂಪಾಯರರು ಕೊಡಲಿಲ್ಲವೆಂದೂ ಅವರು ಹೇಳುತ್ತಾರೆ. ನಾವು ಆ ವಾಕ್ಯವನ್ನು ಬಿಟ್ಟು ಹೇಳುತ್ತೇವೆ. ಸೌರಾಷ್ಟ್ರದವರು 2019ರ ಕಥೆಯನ್ನು ತಮ್ಮ ಮಕ್ಕಳಿಗೆ ಹೇಳುವಾಗ 34ನೆಯ ಓಟದ ಸಂಗತಿಯನ್ನು ಬಿಟ್ಟು ಹೇಳಿದರೆ ಅವರನ್ನು ಆಕ್ಷೇಪಿಸಲು ನಮಗೆ ಬಾಯಿಲ್ಲ.

ಎದುರಾಳಿಯ ವರ್ತನೆಯಿಂದ ಮೈ ಉರಿಯುವದು ಬೇರೆ, ಅದು ಅನ್ಯಾಯವಾಗಿರುವದು ಬೇರೆ ಎಂಬದಕ್ಕೆ 1982ರಲ್ಲಿ ಬೆಂಗಳೂರಿನಲ್ಲಿಯೇ ನಡೆದ ಇನ್ನೊಂದು ಕರ್ನಾಟಕ-ಮುಂಬಯಿ ಉಪಾಂತ್ಯ ಪಂದ್ಯವು ಒಳ್ಳೆಯ ಉದಾಹರಣೆ. ರಘುರಾಮ ಭಟ್ಟರ ಎಡಗೈ ತಿರುಗುಚಂಡಿಗೆ ಮುಂಬಯಿಯವರು ತತ್ತರಿಸಿದ್ದರು. ಮೊದಲನೆಯ ಸರದಿಯ ಮುನ್ನಡೆಯನ್ನು ಕಳೆದುಕೊಂಡು, ಪೂರ್ಣ ಸೋಲನ್ನಾದರೂ ತಪ್ಪಿಸಿಕೊಳ್ಳಲು ಹೆಣಗುತ್ತಿದ್ದರು. ಆಗ ಸುನೀಲ ಗಾವಸ್ಕರರು ಕೆಳಗಿನ ಕ್ರಮದಲ್ಲಿ ಬಂದು, ಭಟ್ಟರ ಚಂಡುಗಳಿಗೆ ಮಾತ್ರ ಎಡಗೈಯವರಂತೆ ತಿರುಗಿ ನಿಂತು ಆಡಿದರು. ಉಳಿದವರಿಗೆ ಎಂದಿನಂತೆ ಬಲಗೈ. ಕರ್ನಾಟಕದ ಬೌಲಿಂಗನ್ನು ಹಾಸ್ಯ ಮಾಡಿದರೆಂದು ಕೆಲವರು ಕೆರಳಿದರು. ಹೊರಗೆ ತಿರುಗಿ ಹೋಗುವ ಚಂಡು ಎಡಗೈಯವನಿಗೆ ಒಳಗೆ ತಿರುಗಿ ಬರುವದರಿಂದ ಅಂಚಿನ ಅಪಾಯ ಕಡಿಮೆ ಎಂಬ ಲೆಕ್ಕವು ಅದರಲ್ಲಿದ್ದಿತು. ನಮ್ಮ ಅಭಿಪ್ರಾಯದಲ್ಲಿ ಅದು ಉದ್ಧಟತನವೆನಿಸಿದರೆ ಎನಿಸಲಿ, ಅನ್ಯಾಯವಂತೂ ಅಲ್ಲ. ಒಂದು ದೃಷ್ಟಿಯಿಂದ ಭಟ್ಟರಿಗೆ ಸಂದ ಪ್ರಶಸ್ತಿಪತ್ರವೇ ಸರಿ. ಈ ಗಾವಸ್ಕರರ ತಂಗಿಯನ್ನು ಮದುವೆಯಾದವರು ನಮ್ಮ ವಿಶ್ವನಾಥರೇ! ಬೀಗತನವಿದ್ದರೂ ಮೈದಾನದಲ್ಲಿ ಯಾರೂ ಯಾರಿಗೂ ಒಂದು ಓಟವನ್ನು ಉಡುಗೊರೆಯಾಗಿ ಕೊಡಲಿಲ್ಲ.

ಹಾಗಾದರೆ ನಿಜವಾದ ಹೊಲಸು ಆಟ ಯಾವದು? ನಮ್ಮ ಕಡೆಯ ಜಾತ್ರೆಗಳ ನಿಕಾಲಿ ಕುಸ್ತಿಯನ್ನು ನೋಡಿದವರಿಗೆ ಇದು ಬಹಳ ಕಠಿಣವಾದ ಪ್ರಶ್ನೆಯಲ್ಲ. ಕುತ್ತಿಗೆಯ ಮೇಲೆ ಗುದ್ದಿನಂತೆ ಕೈ ಬಿದ್ದರೆ ಪೈಲವಾನನು ದೂರು ಹೇಳುವದಿಲ್ಲ. ಮೂಳೆ ನೋಯುವಂತೆ ಹಿಡಿದರೂ ಹೇಳುವದಿಲ್ಲ. ಅದೇ ಎದುರಿನವನು ಕಣ್ಣಿಗೆ ಮಣ್ಣೆರಚಿದನೆಂದರೆ ಇಡೀ ಕಣವೇ ಏಳುತ್ತದೆ. ಬಲವನ್ನು ಬಲದಿಂದ ಎದುರಿಸಬಹುದು. ಕಾಣದಂತೆ ಮಾಡಿದ್ದನ್ನು ಎದುರಿಸುವ ಬಗೆಯಿಲ್ಲ. 2018ರ ಮಾರ್ಚ ತಿಂಗಳಲ್ಲಿ ಕೇಪ್‌ಟೌನಿನಲ್ಲಿ ಆಸ್ಟ್ರೇಲಿಯಾದ ಬ್ಯಾನ್‌ಕ್ರಾಫ್ಟನು ಉಸುಕಿನ ಕಾಗದದಿಂದ ಚಂಡನ್ನು ಉಜ್ಜಿ, ಕ್ಯಾಮರಾದ ಕಣ್ಣಿಗೆ ಬಿದ್ದೊಡನೆ ಅದನ್ನು ಚಲ್ಲಣದೊಳಗೆ ಅಡಗಿಸಿದನು. ಅದು ಕಣ್ಣಿಗೆ ಮಣ್ಣೆರಚುವ ಜಾತಿಯದು. ನಾಯಕ ಸ್ಮಿತ್, ಉಪನಾಯಕ ವಾರ್ನರ್ ಇವರನ್ನು ಅವರ ದೇಶದ ಮಂಡಳಿಯೇ ಒಂದೊಂದು ವರ್ಷ, ಬ್ಯಾನ್‌ಕ್ರಾಫ್ಟನನ್ನು ಒಂಬತ್ತು ತಿಂಗಳು ಆಟದಿಂದ ಹೊರಗಿಟ್ಟಿತು. ಅಲ್ಲಿ 'ಮೋಸ' ಎಂಬ ಶಬ್ದವು ತನ್ನ ಸ್ಥಾನದಲ್ಲಿದೆ.

ಮೈಗೆ ಮೈ ತಾಗುವ ಆಟಗಳಲ್ಲಿ ಗೆರೆಯು ಇಷ್ಟು ಸ್ಪಷ್ಟವಾಗಿರುವದಿಲ್ಲವೆಂಬದು ನಿಜ. ಅಮೇರಿಕೆಯ ವೃತ್ತಿಪರ ಬಾಸ್ಕೆಟ್‌ಬಾಲಿನಲ್ಲಿ ಡೆಟ್ರಾಯಿಟ್ ನಗರದ ಪಿಸ್ಟನ್ಸ್ ಎಂಬ ತಂಡವಿದೆ; 1980ರ ದಶಕದ ಕೊನೆಗೆ ಅದಕ್ಕೆ 'ಕೆಟ್ಟ ಹುಡುಗರು' ಎಂದೇ ಬಿರುದು ಬಂದಿದ್ದಿತು. ಶಿಕಾಗೋ ತಂಡದ ಮೈಕೆಲ್ ಜಾರ್ಡನ್ ಇವರು ಬುಟ್ಟಿಯ ಕಡೆಗೆ ಹಾರಿದಾಗಲೆಲ್ಲ ಅವರನ್ನು ನೆಲಕ್ಕೆ ಕೆಡಹುವದೇ ಆ ತಂಡದ ಯುಕ್ತಿ. 1988, 1989, 1990, ಈ ಮೂರು ವರ್ಷ ನಿರ್ಣಾಯಕ ಸುತ್ತುಗಳಲ್ಲಿ ಶಿಕಾಗೋ ಅವರಿಂದಲೇ ಸೋತಿತು; ಪಿಸ್ಟನ್ಸ್ ತಂಡವು 1989 ಮತ್ತು 1990ರಲ್ಲಿ ಚಾಂಪಿಯನ್ನರಾಯಿತು. ದೇಶವೇ ಅವರನ್ನು ದ್ವೇಷಿಸಿತು. ಆದರೆ ಆ ಆಟದ ಆಡಳಿತದವರು ಪ್ರೇಕ್ಷಕರ ಬೈಗಳನ್ನು ನೆಚ್ಚಿ ಕೂಡ್ರಲಿಲ್ಲ. ಅನಾವಶ್ಯಕವಾಗಿ ಹೊಡೆದು ಕೆಡಹುವ ತಪ್ಪಿಗೆ ಪ್ರತ್ಯೇಕ ಹೆಸರು, ಪ್ರತ್ಯೇಕ ದಂಡನೆ ಇರುವ ನಿಯಮವನ್ನು 1990-91ರ ಹಂಗಾಮಿನಿಂದ ತಂದರು. 1991ರಲ್ಲಿ ಶಿಕಾಗೋ ನಾಲ್ಕಕ್ಕೆ ನಾಲ್ಕು ಪಂದ್ಯಗಳನ್ನೂ ಗೆದ್ದಿತು. ಕೊನೆಯ ಪಂದ್ಯ ಮುಗಿಯಲು ಕೆಲವು ಕ್ಷಣಗಳಿರುವಾಗಲೇ ಪಿಸ್ಟನ್ಸಿನ ಮುಖ್ಯ ಆಟಗಾರರು ಗೆದ್ದವರ ಕೈ ಕುಲುಕದೆ ಮೈದಾನವನ್ನು ಬಿಟ್ಟು ನಡೆದರು. ಅವರು ಹೊಡೆದ ಪೆಟ್ಟುಗಳನ್ನು ಮರೆತವರೂ ಈ ನಡೆಯನ್ನು ಇಂದಿಗೂ ಮರೆತಿಲ್ಲ.

ನಮ್ಮವರಿಗೆ ಇನ್ನೊಂದು ಕನ್ನಡಿ ಬೇಕಾದರೆ 2008ರ ಜನವರಿಯ ಸಿಡ್ನಿ ಟೆಸ್ಟನ್ನು ನೆನೆಯಬಹುದು. ಅಲ್ಲಿ ಭಾರತದ ನಾಯಕರು ನಮ್ಮ ಅನಿಲ ಕುಂಬ್ಳೆ. ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್ 30 ಓಟಗಳಲ್ಲಿದ್ದಾಗ ಅಂಚು ತಾಗಿಸಿ ಕ್ಯಾಚ್ ಕೊಟ್ಟರು. ಅಂಪಾಯರ್ ಬಕ್ನರ್ ಕೊಡಲಿಲ್ಲ. ಸೈಮಂಡ್ಸ್ ನಿಂತುಕೊಂಡು 162 ಮಾಡಿ ಔಟಾಗದೆ ಉಳಿದರು. ಪೂಜಾರಾ ಇವರ ಪ್ರಸಂಗಕ್ಕೂ ಇದಕ್ಕೂ ಕೂದಲೆಳೆಯ ಅಂತರವೂ ಇಲ್ಲ. ದ್ರಾವಿಡರನ್ನು ಪ್ಯಾಡಿಗೆ ತಾಗಿದ ಚಂಡಿಗೆ ಔಟೆಂದರು. ಭಾರತವು 122 ಓಟಗಳಿಂದ ಸೋತಿತು. ಕುಂಬ್ಳೆಯವರು ಒಂದು ಕಡೆಗೆ 45 ಓಟಗಳೊಡನೆ ಔಟಾಗದೆ ನಿಂತೇ ಇದ್ದರು. ಆ ಸಂಜೆ, ಒಂದೇ ತಂಡವು ಆಟದ ಧರ್ಮಕ್ಕೆ ಅನುಸಾರವಾಗಿ ಆಡಿತೆಂಬ ಅರ್ಥದ ಮಾತನ್ನು ಅವರು ತಣ್ಣಗೆ ಆಡಿದರು. 1933ರಲ್ಲಿ ಅಡಿಲೇಡಿನಲ್ಲಿ ಆಸ್ಟ್ರೇಲಿಯಾದ ನಾಯಕ ವುಡ್‌ಫುಲ್ಲರು ಇಂಗ್ಲಿಷರನ್ನು ಕುರಿತು ಆಡಿದ ಮಾತಿನ ಪ್ರತಿಧ್ವನಿಯದು. ಆದರೆ ಮುಂದಿನ ಸಂಗತಿಯನ್ನು ಜನರು ಅಷ್ಟಾಗಿ ನೆನೆಯುವದಿಲ್ಲ. ಎದುರು ಪಕ್ಷದ ಬ್ರ್ಯಾಡ್ ಹಾಗ್ ಎಂಬವರ ಮೇಲೆ ಹೊಲಸು ಬೈಗಳಿಗಾಗಿ ಭಾರತದವರು ಹೂಡಿದ್ದ ದೂರನ್ನು ಕುಂಬ್ಳೆಯವರು ಹಿಂದಕ್ಕೆ ತೆಗೆದುಕೊಂಡರು. ಪರ್ಥಿಗೆ ಹೋಗಿ ಮುಂದಿನ ಟೆಸ್ಟನ್ನು 72 ಓಟಗಳಿಂದ ಗೆದ್ದರು. ಅಲ್ಲಿಯೇ ತಮ್ಮ 600ನೆಯ ಟೆಸ್ಟ್ ವಿಕೆಟ್ಟನ್ನು ಪಡೆದರು. ಆ ವಿಕೆಟ್ಟು ಸೈಮಂಡ್ಸರದು, ಕ್ಯಾಚು ದ್ರಾವಿಡರದು.

ಆ ಸೈಮಂಡ್ಸರಿಗೆ ಮೂರು ತಿಂಗಳ ಮೊದಲು, 2007ರ ಅಕ್ಟೋಬರದಲ್ಲಿ, ವಡೋದರಾ ಮತ್ತು ಮುಂಬಯಿಯ ಪ್ರೇಕ್ಷಕರಲ್ಲಿ ಕೆಲವರು ಅವರ ಬಣ್ಣವನ್ನು ಹಂಗಿಸಿ ಮಂಗನಂತೆ ಕೂಗಿದ್ದರು. ನ್ಯಾಯವಾಗಿ ನೋಡಿದರೆ ಆ ಇಡೀ ಪ್ರಕರಣದಲ್ಲಿ ಅತ್ಯಂತ ಹೊಲಸು ಆಟವಾಡಿದವರು ಮೈದಾನದ ಒಳಗಿನವರಲ್ಲ. ಬ್ರಿಟಿಷರು ನಮ್ಮ ಹಿರಿಯರನ್ನು ಬಣ್ಣದಿಂದ ಅಳೆದರೆಂದು ಇಂದಿಗೂ ಕುದಿಯುವ ನಾವು ಇನ್ನೊಬ್ಬನನ್ನು ಬಣ್ಣದಿಂದ ಹಂಗಿಸುವದೆಂದರೆ ಸ್ವರಾಜ್ಯಕ್ಕೆ ಶೋಭೆಯೆ? ಅದೇ ದೇಶದಲ್ಲಿ 1999ರ ಜನವರಿ 31ರಂದು ಚೆನ್ನೈಯ ಚೆಪಾಕಿನಲ್ಲಿ, ಸಚಿನ್ ತೆಂಡೂಲ್ಕರರು 136 ಓಟಗಳನ್ನು ಮಾಡಿಯೂ ಭಾರತವು ಪಾಕಿಸ್ತಾನಕ್ಕೆ 12 ಓಟಗಳಿಂದ ಸೋತಾಗ, ಪ್ರೇಕ್ಷಕರು ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿದರು. ಪಾಕಿಸ್ತಾನದ ಆಟಗಾರರು ಮೈದಾನವನ್ನು ಒಂದು ಸುತ್ತು ಹಾಕಿ ಅದನ್ನು ಸ್ವೀಕರಿಸಿದರು. ಅಂದು ಚೆಪಾಕಿನಲ್ಲಿ ಯಾರ ದೇಶಭಕ್ತಿಯೂ ಕಡಿಮೆಯಾಗಿರಲಿಲ್ಲ.

ವ್ರತವನ್ನು ಪಾಲಿಸಿದವರೂ ನಮ್ಮಲ್ಲಿದ್ದಾರೆಂದು ಹೇಳದೆ ಬಿಟ್ಟರೆ ಲೇಖನ ಅಪೂರ್ಣವಾದೀತು. ಭದ್ರಾವತಿಯ ವಿಶ್ವನಾಥರು ಭಾರತದ ನಾಯಕರಾಗಿದ್ದು ಎರಡೇ ಎರಡು ಟೆಸ್ಟುಗಳಲ್ಲಿ. ಎರಡನೆಯದು 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ, ಇಂಗ್ಲಂಡಿನ ವಿರುದ್ಧ. ಇಂಗ್ಲಂಡಿನ ಐದು ವಿಕೆಟ್ಟುಗಳು 58ಕ್ಕೆ ಬಿದ್ದಿದ್ದವು. ಬಾಥಮ್ ಮತ್ತು ಬಾಬ್ ಟೇಲರ್ ಕುಸಿತವನ್ನು ತಡೆಯುತ್ತಿದ್ದರು. ಟೇಲರರನ್ನು ಅಂಪಾಯರರು ಹಿಂದೆ ಕ್ಯಾಚಾದರೆಂದು ಔಟು ಕೊಟ್ಟರು. ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೆ ಚಂಡು ಬ್ಯಾಟಿಗೆ ತಾಗಿಲ್ಲವೆಂದು ಖಾತ್ರಿಯಿತ್ತು. ಅವರು ಅಂಪಾಯರರೊಡನೆ ಮಾತನಾಡಿ ಟೇಲರರನ್ನು ಮರಳಿ ಕರೆಯಿಸಿದರು. ಆ ಜೋಡಿಯು 171 ಓಟಗಳನ್ನು ಕೂಡಿಸಿತು. ಭಾರತವು ಹತ್ತು ವಿಕೆಟ್ಟುಗಳಿಂದ ಸೋತಿತು. ಅದರ ಬಳಿಕ ವಿಶ್ವನಾಥರಿಗೆ ನಾಯಕತ್ವ ಬರಲೇ ಇಲ್ಲ. ಬೆಂಗಳೂರಿನ ಆ ಗ್ಯಾಲರಿಯವರಿಗೆ ಪೂಜಾರಾ ಇವರನ್ನು ಅಳೆಯಲು ವಿಶ್ವನಾಥರ ಅಳತೆಗೋಲು ಬೇಕಾಗಿದ್ದರೆ, ಅದೇ ಕೋಲಿನಿಂದ ಕರ್ನಾಟಕದ ಹನ್ನೊಂದು ಜನರನ್ನೂ ಅಳೆಯಬೇಕಾಗಿದ್ದಿತು. ನಮ್ಮವನೊಬ್ಬನು ಅಂಚು ತಾಗಿಸಿ ತಾನಾಗಿ ಹೊರಟುಹೋಗಿ ಪಂದ್ಯ ಸೋತಿದ್ದರೆ ಅದೇ ಗ್ಯಾಲರಿಯು ಅವನನ್ನು ಧರ್ಮರಾಯನೆಂದು ಹೊಗಳುತ್ತಿತ್ತೆ, ಮೂರ್ಖನೆಂದು ಬೈಯುತ್ತಿತ್ತೆ? ಉತ್ತರವನ್ನು ವಾಚಕರೇ ಕೊಟ್ಟುಕೊಳ್ಳಲಿ.

ನಿಜವಾಗಿ ತಪ್ಪು ಮಾಡಿದವರು ಯಾರು? ಒಂದು ತಪ್ಪು ಅಂಪಾಯರರದು, ಮನುಷ್ಯರು, ತಪ್ಪುತ್ತಾರೆ. ದೊಡ್ಡ ತಪ್ಪು ಭಾರತೀಯ ಕ್ರಿಕೆಟ್ ಮಂಡಳಿಯದು. ಸೋತರೆ ಮನೆಗೆ ಹೋಗುವಂಥ ಪಂದ್ಯದಲ್ಲಿ, ದೂರದರ್ಶನದ ಕ್ಯಾಮರಾಗಳು ಎಲ್ಲವನ್ನೂ ತೋರಿಸುತ್ತಿರುವಾಗ, ತೀರ್ಪನ್ನು ಮರುಪರಿಶೀಲಿಸುವ ಏರ್ಪಾಡು ಇರಲಿಲ್ಲ. ಮನೆಯಲ್ಲಿ ಕುಳಿತ ಹುಡುಗನಿಗೆ ಕಾಣುವದು, ಮೈದಾನದಲ್ಲಿ ತೀರ್ಪು ಕೊಡುವವನಿಗೆ ಮಾತ್ರ ಕಾಣಕೂಡದೆಂಬ ವಿಚಿತ್ರ ನಿಯಮ! ಗದ್ದಲವಾದ ಮೇಲೆ 2019-20ರ ಹಂಗಾಮಿನ ಉಪಾಂತ್ಯ ಮತ್ತು ಅಂತಿಮ ಪಂದ್ಯಗಳಿಗೆ ಕುಂಟು ರೂಪದ ಮರುಪರಿಶೀಲನೆಯನ್ನು ತಂದರು. ಆದರೂ 2022ರ ಜೂನ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ ಮುಂಬಯಿ ಮತ್ತು ಮಧ್ಯಪ್ರದೇಶಗಳ ನಡುವೆ ನಡೆದ ಅಂತಿಮ ಪಂದ್ಯದಲ್ಲಿ ಆ ಸೌಕರ್ಯ ಇರಲಿಲ್ಲ. ಮಂಡಳಿಯ ಬೊಕ್ಕಸದಲ್ಲಿ ದುಡ್ಡಿನ ಬರಗಾಲವೆಂದು ಯಾರೂ ಹೇಳಲಾರರು. ಆದರೆ ಗ್ಯಾಲರಿಯವರು ಮಂಡಳಿಯ ಹೆಸರನ್ನು ಹಿಡಿದು ಕೂಗಲಿಲ್ಲ. ಕೂಗಿದ್ದು ಕೈಗೆ ಸಿಕ್ಕ ಎದುರಾಳಿಯ ಹೆಸರನ್ನು.

2023ರ ಫೆಬ್ರವರಿಯಲ್ಲಿ ಮತ್ತೆ ಬೆಂಗಳೂರಿನಲ್ಲಿ, ಮತ್ತೆ ಉಪಾಂತ್ಯದಲ್ಲಿ, ಮತ್ತೆ ಸೌರಾಷ್ಟ್ರವೇ ಎದುರಾಯಿತು. ಮಯಾಂಕ ಅಗರವಾಲರು 249 ಓಟಗಳನ್ನು ಮಾಡಿದರು. ಸೌರಾಷ್ಟ್ರದ ಅರ್ಪಿತ ವಸಾವಡಾ ಅದಕ್ಕೆ 202 ಓಟಗಳ ಉತ್ತರ ಕೊಟ್ಟರು. ನಮ್ಮವರು ನಾಲ್ಕು ವಿಕೆಟ್ಟುಗಳಿಂದ ಸೋತರು. ಈ ಸಲ ಪೂಜಾರಾ ಇವರನ್ನು ಬೈಯುವ ಆಸ್ಪದವಿರಲಿಲ್ಲ. ಸೌರಾಷ್ಟ್ರದವರು ಚೆನ್ನಾಗಿ ಆಡುತ್ತಾರೆಂಬ ಸರಳವಾದ ಸಂಗತಿಯನ್ನು ಒಪ್ಪಿಕೊಳ್ಳಲು ನಮಗೆ ನಾಲ್ಕು ವರ್ಷ ಬೇಕಾಯಿತು.

ಇದು ದೊಡ್ಡ ಪಟ್ಟಣದ ದೊಡ್ಡ ಆಟದ ಮಾತಾಯಿತೆಂದು ಮನೋಳಿಯವರು ಭಾವಿಸಬಾರದು. ತಾಲೂಕಾ ಮಟ್ಟದ ಶಾಲಾ ಕ್ರೀಡೆಗಳಲ್ಲಿ ಕಬಡ್ಡಿ, ಖೋ-ಖೋ ಪಂದ್ಯಗಳು ಕೊನೆಯ ಸುತ್ತಿಗೆ ಬಂದ ದಿನ ಹೋಗಿ ನೋಡಿರಿ. ಆಡುವ ಎರಡು ಶಾಲೆಗಳಲ್ಲಿ ಒಂದರ ಶಿಕ್ಷಕರೇ ಸೀಟಿ ಹಿಡಿದು ಪಂಚರಾಗಿ ನಿಂತಿದ್ದನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇವೆ. ಆ ಶಿಕ್ಷಕರು ಪ್ರಾಮಾಣಿಕರೇ ಇರಬಹುದು. ಆದರೆ ಸೋತ ಊರಿನ ಹುಡುಗರು ಹಾಗೆಂದು ನಂಬುವದು ಹೇಗೆ? ಸಂಜೆಗೆ ಬಸ್ ನಿಲ್ದಾಣದಲ್ಲಿ ಎರಡು ಊರುಗಳ ಹುಡುಗರು ಒಬ್ಬರನ್ನೊಬ್ಬರು 'ಮೋಸಗಾರರು' ಎಂದು ಕೂಗಾಡುತ್ತಾರೆ, ಕೆಲವೊಮ್ಮೆ ಕೈಯನ್ನೂ ಮಾಡುತ್ತಾರೆ. ಹನ್ನೆರಡು ವರ್ಷದ ಹುಡುಗನು ಎದುರಾಳಿಗೂ ಮೋಸಗಾರನಿಗೂ ಇರುವ ಭೇದವನ್ನು ಮರೆಯುವದು ಅಲ್ಲಿಯೇ. ಮುಂದೆ ಚಿನ್ನಸ್ವಾಮಿಯ ಗ್ಯಾಲರಿಯಲ್ಲಿ ಕೂಗುವವನೂ ಅವನೇ.

ಇದಕ್ಕೆ ಯಂತ್ರ ಬೇಕಿಲ್ಲ, ದುಡ್ಡೂ ಬೇಕಿಲ್ಲ. ಉಪಾಂತ್ಯ ಮತ್ತು ಅಂತಿಮ ಪಂದ್ಯಗಳಿಗೆ ಮೂರನೆಯ ಊರಿನ ಶಿಕ್ಷಕರನ್ನೇ ಪಂಚರನ್ನಾಗಿ ನೇಮಿಸತಕ್ಕದ್ದು. ಅವರ ಹೆಸರುಗಳನ್ನು ಪಂದ್ಯದ ಹಿಂದಿನ ದಿನವೇ ಶಾಲೆಯ ಹಲಗೆಯ ಮೇಲೆ ಬರೆಯತಕ್ಕದ್ದು. ಪಂದ್ಯ ಮುಗಿದ ಮೇಲೆ ಎರಡೂ ಪಕ್ಷದ ಹುಡುಗರು ಸಾಲಾಗಿ ಬಂದು ಕೈ ಕುಲುಕದೆ ಬಹುಮಾನ ಕೊಡಕೂಡದು. ಸವದತ್ತಿ ತಾಲೂಕಿನ ಶಿಕ್ಷಣಾಧಿಕಾರಿಗಳು ಈ ವರ್ಷದ ಕ್ರೀಡೆಗಳ ವೇಳಾಪತ್ರಿಕೆಯನ್ನು ಗೊತ್ತುಪಡಿಸುವ ಮೊದಲು ಇಂತಹ ಪಂಚರ ಯಾದಿಯೊಂದನ್ನು ಮಾಡಿಸಿದರೆ, ಅದನ್ನು ಖರ್ಚು ಕೇಳದೆ ಇದೇ ಪುಟದಲ್ಲಿ ಅಚ್ಚು ಹಾಕಿ ಕೊಡಲು ನಾವು ಸಿದ್ಧರಿದ್ದೇವೆ.